ಒಣಮೀನಿನ ಮೇಲಿನ ರೀಲು

ತೊಂಬತ್ತೇಳರಲ್ಲಿ ವನಜಳ ಗಂಡ ಚಂದು ಮುಂಬೈ ಹೋಟೆಲಿನ ಕೆಲಸ ಬಿಟ್ಟು ಕಡಲ ದಡದ ಊರು ನಾವುಂದಕ್ಕೆ ಬಂದಾಗ ತಂದದ್ದು ಇಂಗ್ಲಿಷ್ ರಾಕ್ ಹಾಡಿನ ಒಂದು ಮೆಟಲ್ ಬ್ಯಾಂಡಿನ ಆರು ಕ್ಯಾಸೆಟ್. ಬಲೆ ಹೊಲಿಯುವಾಗಲೂ ಅದೇ ಅಬ್ಬರ. ಒಂದು ಹಾಡು ಮುಗಿಯುವಷ್ಟರಲ್ಲಿ ತಾಳ ಹತ್ತು ಸಲ ಬದಲಾಗಿ, ಒಲೆಯ ಮೇಲಿನ ಗಂಜಿ ಬೆಂದಿರುತ್ತಿತ್ತು. "ಹ್ವಾಯ್ ವನಜಕ್ಕ, ಗಂಡಂಗೆ ಮೈಮೇಲೆ ದರ್ಶನ ಬತ್ತಾ ಎಂತ?" ಎಂದು ನೆರೆಯವರು ನಕ್ಕರೆ ಅವಳ ತಲೆ ತಗ್ಗುತ್ತಿತ್ತು. "ಕಡಿ ತನಕ ಕೇಣ್, ಚಂದ ಇತ್ತ್" ಎನ್ನುತ್ತಿದ್ದ ಚಂದು. ಒಂದು ದಿನ ಅವನು ಬೋಟಿಗೆ ಹೋದಾಗ ಅವಳು ಐದು ಕ್ಯಾಸೆಟ್ಟಿನ ರೀಲು ಎಳೆದು, ಕಾಗೆ ಬಾರದಂತೆ ಒಣಮೀನಿನ ಮೇಲೆ ಕಂಬದಿಂದ ಕಂಬಕ್ಕೆ ಕಟ್ಟಿದಳು. ಅವನು ಬಂದು ನೋಡಿ, ಸಡಿಲವಾಗಿದ್ದ ಗಂಟೊಂದನ್ನು ಬಿಗಿದು ಬಲೆ ಹೊಲಿಯಲು ಕೂತ. ಅವನು ಸತ್ತ ಮೇಲೆ, ಟೇಪ್ ರೆಕಾರ್ಡರಿನಲ್ಲೇ ಉಳಿದಿದ್ದ ಆರನೆಯದನ್ನು ಅವಳು ಕಡೆಯವರೆಗೆ ಕೇಳಿದಳು. ಚಂದವೇ ಇತ್ತು. ಈಗ ಉಳಿದ ರೀಲೆಲ್ಲ ಬಿಚ್ಚಿ ಸುತ್ತಿಟ್ಟು ಅವಳೇ ಕೋಲು ಹಿಡಿದು ಕಾಗೆ ಓಡಿಸುತ್ತಾಳೆ. ಕಂಬದಲ್ಲೇ ಉಳಿದಿರುವ, ಅವನು ಬಿಗಿದ ಗಂಟು ಬಿಚ್ಚಲು ಮಾತ್ರ ಅವಳಿಗೆ ಮುಖವಿಲ್ಲ.