ಬೀಗ ಹಾಕಿದ ಮನೆಗಳ ಉತ್ತರ

ತೊಂಬತ್ತರ ದಶಕದ ಕೊನೆಯಲ್ಲಿ, ಮೂರು ವರ್ಷ ಖಾಲಿ ಕೂತಿದ್ದ ನನಗೆ ಕಡೆಗೂ ಸಿಕ್ಕಿದ ಕೆಲಸ ಯಾವುದು ಗೊತ್ತೇ? ಸರ್ಕಾರದ ನಿರುದ್ಯೋಗ ಭತ್ಯೆಯಿಂದ ಯಾರಿಗೆ ಏನು ಉಪಯೋಗವಾಯಿತೆಂದು ಹರಪನಹಳ್ಳಿ ಸುತ್ತಿನ ಊರೂರು ತಿರುಗಿ ಕೇಳಿ, ವರದಿ ಬರೆಯುವುದು. ಆ ಭತ್ಯೆಯನ್ನು ನಾನೂ ಎರಡು ವರ್ಷ ತಿಂದಿದ್ದೆ. ಅದನ್ನು ಮಾತ್ರ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಹತ್ತರ ಬಸ್ಸಿಗೆ ಪಕ್ಕದ ಹಳ್ಳಿ ಅರಸೀಕೆರೆಗೆ ಹೋಗುವುದು, ಮೂರರ ಬಸ್ಸಿಗೆ ವಾಪಸ್ಸು. ಸಿಕ್ಕವರೆಲ್ಲ ಕಟ್ಟೆಯ ಮೇಲೆ ಇಸ್ಪೀಟು ಹಿಡಿದು ಕೂತವರೇ. ಬೀಡಿಗೆ, ಚಹಾಕ್ಕೆ ಆಯಿತೆಂದು ನಕ್ಕರು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಭತ್ಯೆ ದಂಡ, ನಿಲ್ಲಿಸುವುದೇ ವಾಸಿ ಎಂದು ಕರಡು ಬರೆದೇಬಿಟ್ಟೆ. ಬೀಗ ಹಾಕಿದ್ದ ಮನೆಗಳವರ ಫಾರಂಗಳಲ್ಲಿ 'ಸಿಗಲಿಲ್ಲ' ಎಂದು ಗೀಚಿದೆ.

ಮರುದಿನ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅರಸೀಕೆರೆಯ ಹೆಣ್ಣುಮಗಳೊಬ್ಬಳು ಕೈಯಲ್ಲಿದ್ದ ಫಾರಂಗಳ ಕಟ್ಟಿನಿಂದ ಗುರುತು ಹಿಡಿದು ನನ್ನನ್ನು ತಡೆದಳು. ಹೊಲಿಗೆ ಕಲಿಯಲು ದಿನಾ ಬರುತ್ತಿದ್ದಳು. ಭತ್ಯೆಯೇ ಅವಳ ಬಸ್ ಚಾರ್ಜು. ಕಲಿಕೆ ಇನ್ನೂ ಆರು ತಿಂಗಳು ಬಾಕಿ. ಭತ್ಯೆ ನಿಂತರೆ ಅದೂ ನಿಂತಂತೆ.

"ನಮ್ಮನಿ ಬೀಗ ನೋಡಿ ಹೊಳ್ಳಿ ಹೋದ್ರಂತ. ಕಲಿಯಾಕ, ದುಡಿಯಾಕ ಹೋದವ್ರ ಮನಿಗೇ ಹಗಲೊತ್ತು ಬೀಗ ಇರ್ತೈತ್ರಿ," ಎಂದಳು.

ಅಯ್ಯೋ, ಇಷ್ಟೂ ಹೊಳೆಯಲಿಲ್ಲವಲ್ಲ ನನಗೆ! ನಾಚಿಕೆಯಾಯಿತು.

ಭಾನುವಾರ ಮತ್ತೆ ಹೋದೆ. ಬಾಗಿಲುಗಳೆಲ್ಲ ತೆರೆದಿದ್ದವು. ಒಬ್ಬ ಭತ್ಯೆಯ ಆಸರೆಯಲ್ಲೇ ಗ್ಯಾರೇಜಿನಲ್ಲಿ ಕೆಲಸ ಕಲಿತು ಮೆಕ್ಯಾನಿಕ್ ಆಗಿದ್ದ, ಇನ್ನೊಬ್ಬ ಮೆಕ್ಕೆಜೋಳದ ಅಂಗಡಿಯಲ್ಲಿ ಗುಮಾಸ್ತ. ಖುಷಿಯ ಭರದಲ್ಲಿ ಕಟ್ಟೆಯವರ ಫಾರಂಗಳನ್ನು ಹರಿದೆಸೆಯಲು ಹೊರಟೆ. ತಡೆದವಳು ಮತ್ತೆ ಅವಳೇ. ಕಟ್ಟೆಯ ಮೇಲಿದ್ದವರಲ್ಲಿ ಒಬ್ಬ ಅವಳ ಅಣ್ಣನಂತೆ. ಭತ್ಯೆ ಬರತೊಡಗಿದ ಮೇಲೆ ಕೂಲಿಗೂ ಹೋಗುವುದನ್ನು ಬಿಟ್ಟಿದ್ದನಂತೆ.

"ಎರಡೂ ಬರೀರಿ. ನಂದೂ ಖರೆ, ನಮ್ಮಣ್ಣಂದೂ ಖರೆ."

ಅದರಿಂದ ತನ್ನದೇ ಭತ್ಯೆ ಹೋಗಬಹುದೆಂದು ಅವಳಿಗೆ ಗೊತ್ತಿತ್ತು. ಎರಡನ್ನೂ ಬರೆದೆ. ಅವಳ ಕಲಿಕೆ ಮುಗಿಯುವವರೆಗೆ ಭತ್ಯೆ ನಿಲ್ಲಲಿಲ್ಲವೆಂದು ಆಮೇಲೆ ತಿಳಿದು ಸಮಾಧಾನವಾಯಿತು. ಅದರಲ್ಲಿ ನನ್ನ ವರದಿಯ ಪಾಲೆಷ್ಟೋ, ಗೊತ್ತಿಲ್ಲ.

ವರದಿ ಕಳಿಸುವ ದಿನ ಒಂದು ಫಾರಂ ಖಾಲಿ ಉಳಿದಿತ್ತು. ಅದರ ಮೇಲೆ ನನ್ನ ಹೆಸರು ಬರೆದೆ. ಭತ್ಯೆ ಸಿಕ್ಕ ಮೇಲೆ ಏನು ಮಾಡಿದಿರಿ ಎಂಬ ಪ್ರಶ್ನೆಯನ್ನು ನನಗೇ ಕೇಳಿಕೊಂಡೆ. ಉತ್ತರ ಬರೆದೆ: ಕೆಲಸ ಹುಡುಕುವುದನ್ನು ಬಿಟ್ಟೆ.