ಕೆಲಸ ಕೊಡಿಸದ ಮೇಡಂ

ಮೇಡಂ ಅವರ ಬಲಗೈ ಬೆರಳ ತುದಿಗಳು ಸದಾ ಬಿರುಕು ಬಿಟ್ಟಿರುತ್ತಿದ್ದವು. ಸೀಮೆಸುಣ್ಣ ಅವರ ಚರ್ಮಕ್ಕೆ ಆಗುತ್ತಿರಲಿಲ್ಲ. ಆದರೂ ಅದಕ್ಕೊಂದು ಹಳೇ ಪೇಪರಿನ ಚೂರು ಸುತ್ತಿ ಹಿಡಿದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಬನಶಂಕರಿಯ ನಮ್ಮ ಬಿ.ಇಡಿ. ಕಾಲೇಜಿನಲ್ಲಿ ಸಮಾಜ ವಿಜ್ಞಾನವನ್ನು ಕಲಿಸುವುದು ಹೇಗೆಂದು ನಮಗೆ ಕಲಿಸಿದವರು ಅವರು. "ಮಾರ್ಕರ್ ತಗೊಳ್ಳಿ ಮೇಡಂ" ಅಂದರೆ, "ನಿಮ್ಗೆ ಸಿಗೋ ಸ್ಕೂಲಲ್ಲಿ ಮಾರ್ಕರ್ ಇರುತ್ತೆ ಅಂತ ಯಾರು ಹೇಳಿದ್ರು?" ಎನ್ನುತ್ತಿದ್ದರು.

ಸ್ಕೂಲು ಸಿಗುತ್ತದೆ ಅಂತ ತಾನೇ ಯಾರು ಹೇಳಿದ್ದು? ನನ್ನನ್ನು ಎರಡು ವರ್ಷ ಕೊರೆದದ್ದು ಇದೊಂದೇ ಪ್ರಶ್ನೆ. ಕಾಲೇಜಿನ ಮೆಟ್ಟಿಲ ಬಳಿ 'ಬಿ.ಇಡಿ. ನಂತರದ ಅವಕಾಶಗಳು' ಎಂಬ ಚಾರ್ಟ್ ಇತ್ತು. ಸರ್ಕಾರಿ ಪ್ರೌಢಶಾಲೆ, ಖಾಸಗಿ ಶಾಲೆ, ವಸತಿ ಶಾಲೆ, ಪಠ್ಯ ರಚನೆ, ಆಪ್ತಸಮಾಲೋಚನೆ, ಹೀಗೆ ಸುತ್ತಲೂ ಬಾಣಗಳು. ನನಗೆ ಗೊತ್ತಿದ್ದ ಸೀನಿಯರ್ ಒಬ್ಬಳು ಶಾಲೆಯೊಂದರ ರಿಸೆಪ್ಷನ್‌ನಲ್ಲಿ ಅಡ್ಮಿಷನ್ ಫಾರಂ ಹಂಚುತ್ತಿದ್ದಳು. ಇನ್ನೊಬ್ಬಳು ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಿ, ಸರ್ಕಾರ ನೇಮಕಾತಿಗೆ ಯಾವಾಗ ಕರೆಯುತ್ತದೋ ಎಂದು ಕಾಯುತ್ತ ತಲಘಟ್ಟಪುರದ ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದಳು. ಕಾಯುವುದಕ್ಕೆ ಚಾರ್ಟಿನಲ್ಲಿ ಬಾಣವೇ ಇರಲಿಲ್ಲ. ಒಂದು ದಿನ ತುಂಬಿದ ತರಗತಿಯಲ್ಲಿ ಎದ್ದು ನಿಂತೆ.

"ಮೇಡಂ, ಆ ಚಾರ್ಟಿಗೆ ಆಧಾರ ಏನು?"

"ಆಧಾರ ಇಲ್ಲ ಕಣಮ್ಮ. ಪ್ರಿನ್ಸಿಪಾಲರು ಬರೆಸಿದ್ದು."

"ಹಾಗಾದ್ರೆ ನಮ್ಗೆ ಕೆಲ್ಸ ಸಿಗುತ್ತಾ?"

"ಗೊತ್ತಿಲ್ಲ. ಗೊತ್ತು ಅನ್ನೋರ ಹತ್ರ ಹೋಗ್ಬೇಡ, ಅಷ್ಟೇ."

ಹೈಸ್ಕೂಲಿನಿಂದ ಚರ್ಚಾ ಸ್ಪರ್ಧೆಗಳಲ್ಲಿ ಕಪ್ ಗೆದ್ದು ಬಂದವಳು ನಾನು. ಎದುರಿನವರು ಹೀಗೆ ಒಪ್ಪಿಕೊಂಡುಬಿಟ್ಟರೆ ಏನು ಮಾಡಬೇಕೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ನಮ್ಮ ಪಾಠ ಯೋಜನೆಯಲ್ಲಿ ಮಕ್ಕಳು ಕೊಡಬಹುದಾದ ಉತ್ತರವನ್ನು ನಾವೇ ಮೊದಲು ಬರೆದುಕೊಳ್ಳಬೇಕು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಪ್ಪು ಉತ್ತರಗಳಿಗೆ ಖಂಡನೆಯನ್ನೂ ಬರೆದಿಡುತ್ತಿದ್ದೆ. ಚಿಕ್ಕಲಸಂದ್ರದ ಶಾಲೆಯೊಂದರಲ್ಲಿ ಅಭ್ಯಾಸ ಪಾಠ. ಮೇಡಂ ಕೊನೇ ಬೆಂಚಿನಲ್ಲಿದ್ದರು. "ನಮ್ಮ ಮನೆಗೆ ನೀರು ಎಲ್ಲಿಂದ ಬರುತ್ತೆ?" ಎಂದು ಕೇಳಿದೆ. ಕಾವೇರಿಯಿಂದ ಎನ್ನಬೇಕಿತ್ತು. ಒಬ್ಬ ಹುಡುಗಿ, "ಟ್ಯಾಂಕರಿಂದ, ಮಿಸ್" ಎಂದಳು.

"ಟ್ಯಾಂಕರ್‌ಗೆ?"

"ಬೋರಿಂದ."

"ಬೋರ್ ಬತ್ತಿದ್ರೆ?"

"ಇನ್ನೊಂದು ಬೋರಿಂದ."

"ಅದೂ ಬತ್ತಿದ್ರೆ?"

ತರಗತಿ ನಕ್ಕಿತು. ಅವಳು ಕೂತಳು. ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಕಾವೇರಿ ಎಂದು ಬರೆದೆ.

ಮೇಡಂ ನನ್ನ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ಎರಡೇ ಸಾಲು ಬರೆದಿದ್ದರು: 'ನೀನು ಗೆದ್ದೆ. ಅವಳು ಮತ್ತೆ ಕೈ ಎತ್ತಲಿಲ್ಲ.' ಸ್ಟಾಫ್ ರೂಮಿಗೇ ಹೋಗಿ ಜಗಳ ತೆಗೆದೆ. ನಲವತ್ತು ನಿಮಿಷದಲ್ಲಿ ಪಾಠ ಮುಗೀಬೇಕಲ್ಲ ಅಂದೆ. "ಮುಗೀಬೇಕು. ಆದ್ರೆ ಅವ್ಳು ಸುಳ್ಳು ಹೇಳಿದ್ಳಾ?" ಎಂದರು. ಉತ್ತರಹಳ್ಳಿಯ ನಮ್ಮ ಬಾಡಿಗೆ ಮನೆಗೂ ಬರುತ್ತಿದ್ದದ್ದು ಟ್ಯಾಂಕರೇ. ಪುಸ್ತಕ ಎತ್ತಿಕೊಂಡು ಹೊರಗೆ ಬಂದೆ.

ಕೊನೇ ಸೆಮಿಸ್ಟರಿನಲ್ಲಿ ಬಿಟಿಎಂ ಲೇಔಟಿನ, ಮಕ್ಕಳ ಪಾಠದ ಆ್ಯಪ್ ಮಾಡುವ ಒಂದು ಕಂಪನಿ ಕೆಲಸಕ್ಕೆ ಕರೆಯಿತು. ಪ್ರಶ್ನೆ ಬರೆಯುವುದು, ಅದಕ್ಕೆ ನಾಲ್ಕು ಉತ್ತರ ಬರೆಯುವುದು, ಅಷ್ಟೇ ಕೆಲಸ. ಅದೇ ವಾರ ಜಯನಗರದ ಶಾಲೆಯೊಂದರಲ್ಲಿ ಡೆಮೊ ಕ್ಲಾಸ್ ಇತ್ತು. ಶಾಲೆ ಸಿಕ್ಕೇ ಸಿಗುತ್ತದೆಂಬ ಧೈರ್ಯದಲ್ಲಿ ಕಂಪನಿಗೆ ಬೆಳಿಗ್ಗೆಯೇ ಬೇಡವೆಂದು ಹೇಳಿ ಹೊರಟೆ. ರಾಜರು ಕೆರೆಗಳನ್ನು ಯಾಕೆ ಕಟ್ಟಿಸಿದರು ಎಂಬುದು ಪಾಠ. ಒಂದು ಮಗು ಎದ್ದು, "ಕಟ್ಟಿದ್ದು ರಾಜ ಅಲ್ಲ ಮಿಸ್, ಕೂಲಿಯವ್ರು" ಎಂದಿತು. ಖಂಡನೆ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡು, "ಹಾಗಾದ್ರೆ ಅವ್ರ ಹೆಸ್ರು ನಮ್ಗೆ ಯಾಕೆ ಗೊತ್ತಿಲ್ಲ?" ಎಂದೆ. ತರಗತಿಯೆಲ್ಲ ಮಾತಿಗಿಳಿಯಿತು. ಬೆಲ್ ಹೊಡೆದಾಗ ಅರ್ಧ ಪಾಠ ಹಾಗೇ ಉಳಿದಿತ್ತು.

"ಚೆನ್ನಾಗಿತ್ತು ಮಿಸ್. ಆದ್ರೆ ಹೀಗಾದ್ರೆ ಪೋರ್ಷನ್ ಮುಗಿಯಲ್ಲ" ಎಂದರು ಆಡಳಿತದವರು.

ಅಲ್ಲಿಂದ ನೇರ ಕಾಲೇಜಿಗೆ ಹೋಗಿ, ಮೇಡಂಗೆ ನಡೆದದ್ದೆಲ್ಲ ಹೇಳಿದೆ. "ನಿಮ್ಮ ಮಾತು ಕೇಳಿ ಎರಡೂ ಕೆಲ್ಸ ಹೋಯ್ತು ಮೇಡಂ."

ಅವರು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ನನ್ನ ಕಡೆ ಸರಿಸಿದರು. "ಹೌದು, ಹೋಯ್ತು. ಆ ಮಗು ಆಮೇಲೆ ಮಾತಾಡ್ತಾ?"

"ನಿಲ್ಸೋಕೇ ಆಗ್ಲಿಲ್ಲ."

"ನಂಗೆ ಹೇಳ್ಕೊಡೋಕೆ ಬರೋದು ಅಷ್ಟೇ ಕಣಮ್ಮ. ಕೆಲ್ಸ ಕೊಡ್ಸೋಕೆ ಬರಲ್ಲ."

ಕಾಫಿ ಮುಟ್ಟದೆ ಎದ್ದು ಬಂದೆ. ಐದು ತಿಂಗಳು ಮನೆಯಲ್ಲಿದ್ದೆ. ಆಮೇಲೆ ಉತ್ತರಹಳ್ಳಿಯ ಸಣ್ಣ ಶಾಲೆಯೊಂದು ಒಂದೊಂದು ವರ್ಷದ ಮಟ್ಟಿಗೆ ಎಂದು ತೆಗೆದುಕೊಂಡಿತು. ಮೇಡಂಗೆ ಫೋನ್ ಮಾಡಿ ಹೇಳಬೇಕೆಂದುಕೊಂಡೆ, ಬಿಗುಮಾನ ಬಿಡಲಿಲ್ಲ. ಮೇಡಂ ಕಾಯಿಲೆ ಬಿದ್ದದ್ದೂ ಹೋದದ್ದೂ ನಮ್ಮ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದೇ ದಿನ ನನಗೆ ಗೊತ್ತಾಯಿತು.

ಅವರು ಹೇಳಿದ್ದೇ ಸರಿ ಎಂದು ನಾನು ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಫೆಬ್ರವರಿ ಬಂತೆಂದರೆ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ನಿದ್ದೆ ಹತ್ತುವುದಿಲ್ಲ. ಪೋರ್ಷನ್ ಹಿಂದಿದೆ ಎಂದು ಹೆಡ್‌ಮಿಸ್ ಈಗಾಗಲೇ ಎರಡು ಸಲ ಹೇಳಿದ್ದಾರೆ. ಇವತ್ತು ಮೂರನೇ ಪೀರಿಯಡ್‌ನಲ್ಲಿ ಒಬ್ಬಳು ಎದ್ದು, "ಮಿಸ್, ನೀವು ಹೇಳಿದ್ದು ನಂಗೆ ಸರಿ ಅನ್ನಿಸ್ತಿಲ್ಲ" ಎಂದಳು. ಗಡಿಯಾರ ನೋಡಿದೆ, ಹನ್ನೊಂದು ನಿಮಿಷ ಉಳಿದಿತ್ತು, ಎರಡು ಪುಟ ಬಾಕಿ. ಬಾಗಿಲ ಹೊರಗೆ ಹೆಡ್‌ಮಿಸ್ ಚಪ್ಪಲಿಯ ಸದ್ದು ಕೇಳುತ್ತಿತ್ತು.

"ಯಾಕೆ ಅನ್ನಿಸ್ತಿಲ್ಲ, ಹೇಳು" ಎಂದು ಕುರ್ಚಿ ಎಳೆದುಕೊಂಡು ಕೂತೆ.