ಮೊದಲು ಕಣ್ಣಿ ಬಿಚ್ಚಿರಿ

ಹೊಳೆ ಏರುವ ಸುದ್ದಿ ಬಂದರೆ ಗಲಗಲಿಯ ಮಂದಿ ಗಂಟುಮೂಟೆ ಕಟ್ಟುತ್ತಾರೆ. ಮುತ್ತವ್ವ ಮಾತ್ರ ಸೆರಗು ಸಿಕ್ಕಿಸಿಕೊಂಡು ಓಣಿ ಓಣಿ ತಿರುಗುತ್ತಾಳೆ. "ಮೊದ್ಲ ದನದ ಕಣ್ಣಿ ಬಿಚ್ರಲೇ! ಬಾಂಡೆ-ಸಾಮಾನ ಆಮ್ಯಾಲ!" ಕಂಡವರ ಗೂಟದ ಹಗ್ಗ ತಾನೇ ಬಿಚ್ಚಿ ಬೈಸಿಕೊಂಡದ್ದೂ ಉಂಟು. ಗಟ್ಟಿ ಹೆಣ್ಣು ಎನ್ನುತ್ತಾರೆ. ಮಂದಿಗೇನು, ದನಿ ಗಟ್ಟಿ ಇದ್ದರೆ ಎದೆಯೂ ಗಟ್ಟಿ ಅಂದುಕೊಳ್ಳುತ್ತಾರೆ.

ಹಿಂದಿನ ಮಹಾಪೂರದಲ್ಲಿ ಅವಳ ಆಕಳು ಗೌರಿ ಹೋಯಿತು. ಹೊಳೆ ಒಯ್ದಿತೆಂದು ಗಂಡ ಹುಲೆಪ್ಪ ಊರಿಗೆಲ್ಲ ಹೇಳಿದ. ಅಂದು ದೋಣಿ ಹತ್ತುವಾಗ ಅವನು ಕೇಳಿದ್ದ, "ಕಣ್ಣಿ ಬಿಚ್ಚಿದಿ ಇಲ್ಲ?" ತಲೆಯ ಮೇಲೆ ಟ್ರಂಕು ಹೊತ್ತಿದ್ದ ಮುತ್ತವ್ವ "ಹೂಂ" ಅಂದಿದ್ದಳು. ಬಿಚ್ಚಿರಲಿಲ್ಲ. ಹಳೆಯ ಹಗ್ಗ, ಹರಿದುಕೊಂಡು ಹೋಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತ ಬಂದಳು. ಗಂಡನಿಗೆ ತಿಳಿದರೆ ಮುಖ ಹೇಗೆ ತೋರಿಸಲಿ ಎಂಬುದೊಂದೇ ಅಂಜಿಕೆ.

ಜಮಖಂಡಿಯ ಕಾಲೇಜೊಂದರಲ್ಲಿ ಕಲಿಸುವ ಅಣ್ಣನ ಮಗಳು ಕಾಂಚನಾ ಮೊನ್ನೆ ಒಂದು ಹೆಡ್‌ಸೆಟ್ ತಂದಳು. ಕಣ್ಣಿಗೆ ಕಟ್ಟಿಕೊಳ್ಳುವ ದಪ್ಪ ಡಬ್ಬಿ. ಮಹಾಪೂರ ಬಂದಾಗ ಏನು ಮಾಡಬೇಕೆಂದು ಹಳ್ಳಿಯವರಿಗೆ ತೋರಿಸಲು, ಅದರ ಕ್ಯಾಮೆರಾ ಎದುರಿಗಿದ್ದ ಮನೆಯನ್ನೇ ತೋರಿಸಿ ಅದರೊಳಗೆ ಹುಸಿ ನೀರು ಏರಿಸುತ್ತಿತ್ತು.

"ಅತ್ತಿ, ನಿಮ್ಮ ಮನಿ ನಿಮಗ ಕಾಣತೈತ್ರಿ. ಅದರಾಗನ ನೀರ ಬರತೈತಿ. ಅಂಜಬ್ಯಾಡ್ರಿ."

"ಸುಳ್ಳ ನೀರಿಗಿ ಅಂಜಾಕಿ ಅಲ್ಲ ನಾ. ಹಾಕ."

ಅದೇ ಪಡಸಾಲೆ, ಅದೇ ಕಂಬ. ಮನೆಯೊಳಗೇ ಎರಡು ಮೆಟ್ಟಿಲು ಕೆಳಗೆ, ದನ ಕಟ್ಟುವ ಜಾಗದಲ್ಲಿ, ಮೆಲುಕು ಹಾಕುವ ಅದೇ ಎಮ್ಮೆ. ಇದರಲ್ಲೇನು ಹೆಚ್ಚುಗಾರಿಕೆ ಎನ್ನುವಷ್ಟರಲ್ಲಿ ಹೊಸ್ತಿಲು ದಾಟಿ ರಾಡಿ ನೀರು ನುಗ್ಗಿತು. ಕಾಂಚನಾ ಹೇಳಿದರೂ ಮುತ್ತವ್ವ ಯಾವುದೋ ಊರಿನ ನೀರು ತೋರಿಸುತ್ತಾರೆಂದೇ ತಿಳಿದಿದ್ದಳು. ಇದು ಬೆಳಿಗ್ಗೆ ತಾನೇ ಸಾರಿಸಿದ ನೆಲ! ನೀರು ಎಮ್ಮೆಯ ಮೊಣಕಾಲಿಗೆ ಬಂತು, ಹೊಟ್ಟೆ ಮುಟ್ಟಿತು. ಎಮ್ಮೆ ಮಾತ್ರ ಕಟ್ಟಿದಲ್ಲೇ ನಿಂತಿತ್ತು.

"ಯಪ್ಪಾ ಶಿವನ!" ಡಬ್ಬಿ ಕಟ್ಟಿಕೊಂಡೇ ಕೆಳಗೆ ಧುಮುಕಿದಳು. ನೀರು ಕೈಗೆ ಸಿಗಲಿಲ್ಲ, ಗೂಟ ಸಿಕ್ಕಿತು, ಕೊರಳ ಗಂಟು ಸಿಕ್ಕಿತು. ಬಿಚ್ಚಿ ಎಮ್ಮೆಯ ಬೆನ್ನಿಗೆ ಬಡಿದಳು.

"ಹೋಗ ಗೌರಿ, ಹೋಗ! ಆವತ್ತ ನಾ ಬಿಚ್ಚಲಿಲ್ಲ, ಸುಳ್ಳ ಹೇಳೇನಿ, ಹೋಗ!"

ಎಮ್ಮೆಯನ್ನು ಗೌರಿ ಎಂದು ಕರೆದದ್ದು ಅವಳಿಗೇ ತಿಳಿಯಲಿಲ್ಲ. ಅದು ಬೆದರಿ ಓಣಿಗೆ ಓಡಿತು. ಕಾಂಚನಾ ಗಾಬರಿಯಾಗಿ ಡಬ್ಬಿ ತೆಗೆದಳು. ನೆಲದ ಮೇಲೆ ಒಂದು ಹನಿ ನೀರಿರಲಿಲ್ಲ. ಬಾಗಿಲಲ್ಲಿ ಹುಲೆಪ್ಪ ನಿಂತಿದ್ದ. ಆಡಿದ ಮಾತು ಅವನ ಕಿವಿಗೆ ಬಿದ್ದಿತ್ತು.

ಅವನು ಇಳಿದು ಬಂದು ಅವಳ ಮುಷ್ಟಿಯಿಂದ ಹಗ್ಗ ಬಿಡಿಸಿಕೊಂಡ.

"ಗೊತ್ತೈತಿ ಬಿಡ," ಎಂದ. "ನೀರ ಇಳದ ಮ್ಯಾಲ ಮೊದ್ಲ ಮನಿಗಿ ಬಂದಾಂವ ನಾ ಅಲ್ಲೇನ? ಗೌರಿ ಗೂಟದಾಗನ ಸತ್ತ ಬಿದ್ದಿತ್ತು. ಕಣ್ಣಿ ನಾನ ಬಿಚ್ಚಿ ಹೊಳಿಗಿ ಬಿಟ್ಟೆ."

ಆಮೇಲಿನ ಅಷ್ಟೂ ಮಳೆಗಾಲ ಮುತ್ತವ್ವ ಓಣಿ ತುಂಬ ಕೂಗುತ್ತ ಹೋದಾಗ ಅವನು ಕಟ್ಟೆಯ ಮೇಲೆ ಕೂತು ಸುಮ್ಮನೆ ಕೇಳಿದ್ದ.